ಎರಡು ಅವರೆ ಸೀಸನ್ ದಾಟಿ

ಮೊನ್ನೆಯ ಸ್ಕ್ಯಾನೂ ಕ್ಲಿಯರ್ ಬಂತು. ಎರಡು ವರ್ಷ ತುಂಬಿತು. ಗರ್ಭಕೋಶ ತೆಗೆಸಿದ್ದು, ಆಮೇಲೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅಲೆದದ್ದು ಎಲ್ಲ ನಿಮಗೆ ಗೊತ್ತಿರುವುದೇ.

ಮೊದಲ ನಮಸ್ಕಾರ ಆಪರೇಷನ್ ಮಾಡಿದ ಡಾಕ್ಟರಮ್ಮನಿಗೆ. ಆಗ ಅವರ ಮೇಲೆ ನನಗೆ ಸಿಟ್ಟಿತ್ತು. ಗೊತ್ತಿದ್ದವರೆಲ್ಲ ಸಣ್ಣ ತೂತಿನ ಆಪರೇಷನ್ ಮಾಡಿಸಿಕೊಂಡು ಮೂರೇ ದಿನಕ್ಕೆ ಮನೆಗೆ ಬಂದಿದ್ದರು. ನನಗೆ ಮಾತ್ರ ಹೊಟ್ಟೆ ಕೊಯ್ಯಲೇಬೇಕು ಅಂದರು. ಮೊದಲೇ ಒಳಪದರದ ಚೂರು ತೆಗೆದು ಟೆಸ್ಟ್ ಮಾಡಿಸಿದ್ದರು, ಅದರಲ್ಲಿ ಏನೂ ಇರಲಿಲ್ಲ. ಆದರೂ ಜಗ್ಗಲಿಲ್ಲ. "ಮುಟ್ಟು ನಿಂತ ಮೇಲೆ ಫೈಬ್ರಾಯ್ಡ್ ಗಡ್ಡೆ ಕುಗ್ಗಬೇಕು, ನಿಮ್ಮದು ಬೆಳೀತಿದೆ. ಚೂರು ಮಾಡಲ್ಲ, ಇಡಿಯಾಗೇ ತೆಗೀತೀನಿ." ಕ್ಯಾನ್ಸರ್ ಅಡಗಿದ್ದರೆ, ಚೂರು ಮಾಡುವ ಮೆಷಿನ್ ಅದನ್ನು ಹೊಟ್ಟೆಯೊಳಗೆಲ್ಲ ಚೆಲ್ಲಿಬಿಡಬಹುದಂತೆ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಎಚ್ಚರಿಸಿತ್ತು. ಫೈಬ್ರಾಯ್ಡ್ ಎಂದು ಆಪರೇಷನ್ ಆಗುವ ಸುಮಾರು 350 ಹೆಂಗಸರಲ್ಲಿ ಒಬ್ಬರಿಗೆ ಸಾರ್ಕೋಮಾ ಎಂಬ ಬಗೆಯ ಕ್ಯಾನ್ಸರ್ ಇರಬಹುದು ಎಂಬುದು ಆ ಸಂಸ್ಥೆಯ ಆಗಿನ ಅಂದಾಜು. ಆ ಒಬ್ಬಳು ನಾನಾದೆ. ಗೇಣುದ್ದದ ಹೊಲಿಗೆ ಗುರುತನ್ನು ಈಗ ಆಗಾಗ ಸುಮ್ನೆ ಸವರಿಕೊಳ್ಳುತ್ತೇನೆ.

ಹೊಲಿಗೆ ಬಿಚ್ಚಿದ್ದೇ ಎಲ್ಲ ಮುಗಿಯಿತು ಅಂದುಕೊಂಡು, ತೆಗೆದ ಗರ್ಭಕೋಶದ ಬಯಾಪ್ಸಿ ರಿಪೋರ್ಟ್ ತರುವುದಕ್ಕೆ ನಾವು ಎಂಟು ದಿನ ತಡ ಮಾಡಿದ್ದೆವು. ನೀವು ಯಾರೂ ಹಾಗೆ ಮಾಡಬೇಡಿ.

ಆ ರಿಪೋರ್ಟ್ ಬಂದ ರಾತ್ರಿ ನಮ್ಮ ಮನೆಯವರು ಮಾತೇ ಬಿಟ್ಟುಬಿಟ್ಟರು. ಗುಬ್ಬಿಯಿಂದ ಲಾಸ್ಟ್ ಬಸ್ಸಿಗೆ ನಮ್ಮ ಓರಗಿತ್ತಿ, ದೊಡ್ಡಕ್ಕ, ಬಂದಿಳಿದರು. ಸಮಾಧಾನ ಹೇಳ್ತಾರೆ ಅಂದುಕೊಂಡೆ. ಅವರು ಚೀಲದಿಂದ ನೆನೆಸಿದ ಅವರೆಕಾಳಿನ ಪಾತ್ರೆ ತೆಗೆದು ನನ್ನ ಮುಂದಿಟ್ಟರು. "ಹೇಗೂ ನಿದ್ದೆ ಬರಲ್ಲ. ಹಿತುಕು."

ಹಿತುಕಿದೆವು. ಒಂದೊಂದೇ ಕಾಳು ಸಿಪ್ಪೆ ಬಿಟ್ಟು ಪುಳಕ್ ಅಂತ ಜಾರುತ್ತಿತ್ತು. ಎರಡು ಗಂಟೆ ಹೊತ್ತಿಗೆ ನನ್ನ ಕೈ ನಡುಗಿತು. "ಅಕ್ಕ, ನಾನು ಹೋದರೆ ಇವರಿಗೆ ಇನ್ನೊಂದು ಮದುವೆ ಮಾಡಿಸ್ತೀರಾ?" ಅಂತ ಕೇಳಿಬಿಟ್ಟೆ. ನಾಚಿಕೆಯಾಗುತ್ತದೆ, ಆದರೆ ಕೇಳಿದ್ದು ನಿಜ. ಅವರು ತಲೆ ಎತ್ತಲಿಲ್ಲ. "ಆ ಮುಖಕ್ಕೆ ಯಾರೇ ಹೆಣ್ಣು ಕೊಡ್ತಾರೆ?" ನಗು ಬಂತು, ಹೊಲಿಗೆ ಹಾಕಿದ ಜಾಗ ಎಳೆಯಿತು, ನಗುತ್ತಲೇ ಅತ್ತೆ. ಸ್ವಲ್ಪ ಹೊತ್ತಾದ ಮೇಲೆ ಕೈ ತೊಳೀತೀನಿ ಅಂತ ಅಕ್ಕ ಬಚ್ಚಲಿಗೆ ಹೋದರು. ನಲ್ಲಿ ತುಂಬಾ ಹೊತ್ತು ಬಿಟ್ಟೇ ಇತ್ತು. ಬಂದಾಗ ಕಣ್ಣು ಕೆಂಪಗಿತ್ತು. ನಾನೂ ಕೇಳಲಿಲ್ಲ. ಬೆಳಿಗ್ಗೆ ಹಿತಕಿದ ಬೇಳೆ ಸಾರು ಮಾಡಿ, ತಟ್ಟೆ ಖಾಲಿಯಾಗುವವರೆಗೆ ಎದುರಿಗೇ ಕೂತಿದ್ದರು. (ನಮ್ಮಿಬ್ಬರ ಮನೆಯ ಸೈಟಿನ ತಗಾದೆ ಇನ್ನೂ ಮುಗಿದಿಲ್ಲ, ಅದು ಬೇರೆ ವಿಷಯ.)

ಬಯಾಪ್ಸಿಯ ಬ್ಲಾಕು, ಸ್ಲೈಡು (ಗಡ್ಡೆಯ ಚೂರಿನ ಸ್ಯಾಂಪಲ್‌ಗಳು) ಮತ್ತೊಮ್ಮೆ ನೋಡಿಸಲು ತುಮಕೂರಿನ ಬೆಳಗಿನ ರೈಲಲ್ಲಿ ಬೆಂಗಳೂರಿಗೆ ಹೊತ್ತೊಯ್ದ ತಮ್ಮ, ನನ್ನ ಕ್ಲಾಸುಗಳನ್ನು ಹಂಚಿಕೊಂಡ ಶಾಲೆಯ ಟೀಚರುಗಳು, ರಾಗಿ ಗಂಜಿ ತಪ್ಪಿಸದ ಪಕ್ಕದ ಮನೆಯವರು, ವಾರ್ಡಿನ ಸಿಸ್ಟರ್‌ಗಳು, ಎಲ್ಲರಿಗೂ ನಮಸ್ಕಾರ.

ಮುಂದಿನ ಚೆಕಪ್ ಮೇ ತಿಂಗಳಲ್ಲಿ. ಈ ಸಂಕ್ರಾಂತಿಗೆ ಕಾಳು ನೆನೆಹಾಕುವುದು ನಾನೇ, ಎರಡು ಸೇರು. ಅಕ್ಕ, ಲಾಸ್ಟ್ ಬಸ್ಸಿಗೆ ಕಾಯಬೇಡಿ.