ಸೊರೊಟಿಯ ಪಂಪ್ ಅಣ್ಣನಿಗೆ, ಜೊತೆಗೆ ನಿಮಗೆಲ್ಲರಿಗೂ

ಕರ್ತನಿಗೆ ಸ್ತೋತ್ರ. ಉಗಾಂಡಾಕ್ಕೆ ಹೋಗಿದ್ದ ನಮ್ಮ ಮಿಷನ್ ತಂಡ ಕ್ಷೇಮವಾಗಿ ಊರು ಸೇರಿದೆ. ಸೊರೊಟಿ ಪಟ್ಟಣವಿರುವ ತೇಸೊ ಸೀಮೆಯ ಕೈಪಂಪುಗಳ ಕೆಲಸ ಹೇಗೆ ನಡೆಯಿತೆಂದು ಆರಾಧನೆಯ ನಂತರದ ವರದಿಯಲ್ಲಿ ನೀವು ಕೇಳಿದ್ದೀರಿ. ಇಲ್ಲಿ ಬರೆಯುತ್ತಿರುವುದು ಋಣದ ಮಾತು ಮಾತ್ರ.

ಪ್ರಯಾಣದ ಹಣ ಕೂಡಿಸಿದ ಮಹಿಳಾ ಅನ್ಯೋನ್ಯತೆಯ ಅಕ್ಕಂದಿರು, ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಆಗಬೇಕೆಂದು ಬೆನ್ನುಹತ್ತಿ ಮಾಡಿಸಿದ, ಮಲೇರಿಯಾ ತಡೆಯ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ವಾಪಸ್ಸಾದ ಮೇಲೂ 4 ವಾರ ಬಿಡಬೇಡಿರೆಂದು ಈಗಲೂ ಫೋನ್ ಮಾಡಿ ವಿಚಾರಿಸುವ ನರ್ಸ್ ಅಕ್ಕ, ಮನೆ ಕಾಯ್ದ ನೆರೆಯವರು, ಪ್ರಾರ್ಥಿಸಿದ ಸಭಾಪಾಲಕರು, ಎಲ್ಲರಿಗೂ ವಂದನೆ.

ಉಳಿದ ಮಾತೆಲ್ಲ ಸೊರೊಟಿ ಹತ್ತಿರದ ಒಬ್ಬ ಪಂಪ್ ಮೆಕ್ಯಾನಿಕ್‌ಗೆ ಸಲ್ಲಬೇಕು. ಕೊಳವೆ ಬಾವಿಯ ಪೈಪು ಎತ್ತುವಾಗ ನಡುವೆ ಕಡಿದ ಆ ರಾತ್ರಿ ಬೆಳಗಿನವರೆಗೂ ಕದಲದೆ ನಿಂತವರು ಅವರು. ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ, ಥ್ರೆಡ್ ಕೊರೆದ ಜಾಗದಲ್ಲಿ ಸತುವಿನ ಲೇಪ ಹೋಗಿರುತ್ತದೆ. ಅಲ್ಲಿಯ ನೀರಿನಲ್ಲಿ ಆಮ್ಲದ ಗುಣ ಹೆಚ್ಚಿದ್ದರೆ ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಪೈಪು, ಎರಡು ಪೈಪು ಕೂಡಿಸುವ ಕಪ್ಲಿಂಗ್ ಬಳಿ ಕಾಗದದಷ್ಟು ತೆಳ್ಳಗಾಗಿರುತ್ತದೆ. ಉಗಾಂಡಾ ಸರ್ಕಾರ 2016ರಲ್ಲಿ ಕೈಪಂಪಿಗೆ ಜಿಐ ಪೈಪು ಹಾಕುವುದನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ. ಹಳೆಯವು ಮಾತ್ರ ಇನ್ನೂ ಬಾವಿಯೊಳಗಿವೆ.

ಕಡಿದ ಕೂಡಲೇ ಎಲ್ಲರ ಕೈ ಮೇಲಿನ ಪೈಪನ್ನು ಎಳೆದುಹಾಕಲು ಹೋಯಿತು. ಅಣ್ಣ ತಡೆದರು. ಪೈಪು ಸಾಲಿನ ಕೆಳತುದಿಯ ಸಿಲಿಂಡರಿನ ಒಳವ್ಯಾಸ 63.5 ಮಿ.ಮೀ., ಪೈಪು 32 ಮಿ.ಮೀ. ಹಾಗಾಗಿ ರಾಡಿನ ತುದಿಯಲ್ಲಿದ್ದು ಸಿಲಿಂಡರಿನಲ್ಲಿ ಮೇಲೆ ಕೆಳಗೆ ಆಡಿ ನೀರೆತ್ತುವ ಪ್ಲಂಜರ್ ಪೈಪಿನೊಳಗೆ ನುಗ್ಗದೆ ಸಿಲಿಂಡರಿನ ಮೇಲಿನ ಮುಚ್ಚಳಕ್ಕೆ ತಗುಲಿ ನಿಲ್ಲುತ್ತದೆ. ಕೆಳಗಿನ ಪೈಪುಗಳೆಲ್ಲ ಒಳಗಿನ 12 ಮಿ.ಮೀ. ರಾಡಿಗೆ ನೇತುಬಿದ್ದಿರುತ್ತವೆ. ನೀರು ತುಂಬಿದ 3 ಮೀಟರಿನ ಒಂದೊಂದು ಪೈಪು ರಾಡು ಸಮೇತ ಸುಮಾರು 15 ಕಿಲೋ ತೂಗುತ್ತದೆ. ರಾಡು ಒಮ್ಮೆ ಕೈಜಾರಿದರೆ ಇಡೀ ಸಾಲು ತಳ ಸೇರಿ ಬಾವಿಯೇ ಕೈಬಿಟ್ಟುಹೋಗುತ್ತದೆ. ಪ್ರತಿ ಜೋಡಣೆಯಲ್ಲೂ ಮೊದಲು ರಾಡನ್ನು ಕಚ್ಚಿ ಹಿಡಿಯುವ ರಾಡ್ ವೈಸ್ ಬಿಗಿದು, ಹಿಡಿತವನ್ನು ಎರಡು ಸಲ ಪರೀಕ್ಷಿಸಿ, ಆಮೇಲಷ್ಟೇ ಮೇಲಿನ ರಾಡು ಬಿಚ್ಚುತ್ತಿದ್ದರು. ಕಡಿದ ಪೈಪಿನ ತುದಿ ಮೇಲೆ ಬಂದು ಕ್ಲ್ಯಾಂಪಿಗೆ ಸಿಕ್ಕುವವರೆಗೂ ಯಾರನ್ನೂ ಅವಸರಪಡಿಸಲಿಲ್ಲ, ಒಂದು ಬಿರುಸು ಮಾತೂ ಆಡಲಿಲ್ಲ. ನೀರಿಗಾಗಿ ಬಂದ ತಾಯಂದಿರು ಹಳದಿ ಕ್ಯಾನುಗಳನ್ನು ಸಾಲಾಗಿಟ್ಟು, ಪಕ್ಕದಲ್ಲೇ ಕೂತು ಹಾಡುತ್ತಿದ್ದರು. ಅಲ್ಲಿಯ ಅಟೆಸೊ ಮಾತಿನಲ್ಲೇ ವಂದನೆ ಹೇಳುವುದಾದರೆ, ಎಯಾಲಾಮಾ, ಅಣ್ಣ.

ಅವರು ದುರಸ್ತಿ ಮಾಡುವುದು ನಮ್ಮದೇ ಇಂಡಿಯಾ ಮಾರ್ಕ್ 2 ಪಂಪು. ಅಲ್ಲಿ ಅದಕ್ಕೆ ಯು2 ಎನ್ನುತ್ತಾರೆ. ನಮ್ಮ ಗಡಿಯಾಚೆಯ ಸೋಲಾಪುರದಲ್ಲಿ ಮಿಷನ್ನಿನವರು ರೂಪಿಸಿದ ಪಂಪಿನಿಂದಲೇ 1970ರ ದಶಕದಲ್ಲಿ ಯುನಿಸೆಫ್ ನೆರವಿನೊಂದಿಗೆ ಇದು ಬೆಳೆಯಿತು. ಸೇವೆ ಮಾಡಲು ಹೊರಟವರಿಗೆ ಆ ಪಂಪನ್ನು ಬದುಕಿಸಿಟ್ಟುಕೊಳ್ಳುವ ಬಗೆಯನ್ನು ಕಲಿಸಿದವರು ಅಲ್ಲಿಯವರು.

ಊರಿಗೆ ಬಂದು ಇಷ್ಟಾದರೂ ಮನಸ್ಸು ಹದಕ್ಕೆ ಬಂದಿಲ್ಲ. ನಲ್ಲಿ ಸುಮ್ಮನೆ ಹರಿಯುತ್ತಿದ್ದರೆ ಎದೆ ಹಿಂಡುತ್ತದೆ. ಚರ್ಚಿನ ಹಿತ್ತಲಲ್ಲಿ ಹಿಡಿಕೆ ಕಳಚಿ ನಿಂತ ಕೈಪಂಪಿನ ಮುಂದೆ ವರ್ಷಗಟ್ಟಲೆ ಹಾದುಹೋದೆವು. ಅದನ್ನು ಈಗ ನೋಡಿದರೆ ಅಳು ಬರುತ್ತದೆ. ಹೀಗಾಗಿ ಹೆಚ್ಚು ಮಾತಾಡದಿದ್ದರೆ ಬೇಸರಿಸಬೇಡಿ. ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ.

ಆ ಪಂಪನ್ನು ಬರುವ ಶನಿವಾರ ಬಿಚ್ಚುತ್ತೇವೆ. ವಾಷರ್, ಚೈನು, ಬೇರಿಂಗ್ ಮೊದಲು ನೋಡಿ, ಆಮೇಲೆ ಪೈಪಿನ ಥ್ರೆಡ್ ಪರೀಕ್ಷಿಸಬೇಕು. ಯುವಜನರು ಬಂದರೆ ಅಣ್ಣ ಕಲಿಸಿದ ಕ್ರಮವನ್ನೇ ತೋರಿಸುತ್ತೇವೆ. ಅಣ್ಣನ ರಾಡ್ ವೈಸಿನ ಹಲ್ಲು ಸವೆದಿದೆ. ಹೊಸ ವೈಸ್, ಪೈಪು ಎತ್ತುವ ಒಂದು ಜೊತೆ ಲಿಫ್ಟಿಂಗ್ ಸ್ಪ್ಯಾನರ್, ಸ್ವಲ್ಪ ನೈಟ್ರೈಲ್ ರಬ್ಬರಿನ ವಾಷರ್ ಕಳಿಸಬೇಕೆಂದಿದ್ದೇವೆ. ಕೈಜೋಡಿಸುವವರು ಸಭೆಯ ಖಜಾಂಚಿಯವರಿಗೆ ತಲುಪಿಸಿ.