ಮಗಳಿಗೊಂದು ಪತ್ರ: ನ್ಯೂಟ್ರಲ್ ಸ್ಕ್ರೂ ಒಮ್ಮೆ ನಾನು ನೋಡುತ್ತೇನೆ

ಪುಟ್ಟಿ,

ರಾತ್ರಿ ಹನ್ನೊಂದಾಯಿತು. ಅಂಗಡಿ ಮುಚ್ಚಿ, ಊಟ ಮುಗಿಸಿ ಕೂತಿದ್ದೇನೆ. ಸಂಜೆ ನಿನ್ನ ತಮ್ಮ ಫೋನ್ ತೋರಿಸಿದ. "ಗೇಮಿಂಗ್ ಕೆಫೆ ವೈರಿಂಗ್ ಮುಗೀತು, ಶುಕ್ರವಾರ ಪೂಜೆ. ಅಪ್ಪನಿಗೆ ಹೇಳು, ಬರಲೇಬೇಕು ಅಂತೇನಿಲ್ಲ" ಎಂದು ಬರೆದಿದ್ದೀಯ. ನನಗೇ ಕಳಿಸಬಹುದಿತ್ತು. ಯಾಕೆ ಕಳಿಸಲಿಲ್ಲ ಅಂತ ಗೊತ್ತು. ಯುಗಾದಿ ದಿನ ಯಾರು ಏನು ಅಂದೆವು ಅನ್ನುವುದನ್ನು ಮತ್ತೆ ಎತ್ತುವುದಿಲ್ಲ. ನಿನ್ನ ತಟ್ಟೆಯ ಒಬ್ಬಟ್ಟು ಹಾಗೇ ಉಳಿಯಿತು, ನೀನು ಮೈಸೂರು ಬಸ್ ಹತ್ತಿದೆ. ಅಷ್ಟು ಸಾಕು.

ಫೋನಿನಲ್ಲಿ ನನ್ನ ದನಿ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಮೊದಲ ಕಂಪ್ಯೂಟರ್ ಕಟ್ಟಿದ್ದು ನಮ್ಮ ಊಟದ ಮೇಜಿನ ಮೇಲೆ. ಆ ದಿನ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದೆ. ನಿನಗೆ ಗೊತ್ತಾಗಲಿಲ್ಲ. ಮದರ್‌ಬೋರ್ಡನ್ನು ಅದರ ಡಬ್ಬದ ಮೇಲೇ ಇಟ್ಟುಕೊಂಡೆ. ಏನಾದರೂ ಮುಟ್ಟುವ ಮೊದಲು ಕೇಸಿನ ಲೋಹಕ್ಕೆ ಬೆರಳು ತಾಗಿಸುತ್ತಿದ್ದೆ. ಪ್ರೊಸೆಸರ್ ಮೂಲೆಯ ಚಿನ್ನದ ಬಣ್ಣದ ತ್ರಿಕೋನ ನೋಡಿ, ತಿರುಗಿಸಿ, ಇಳಿಸಿ, "ಕೂರಬೇಕಾದ್ದು ತಾನೇ ಕೂರುತ್ತೆ, ಒತ್ತಬೇಡ" ಎಂದು ನಿನಗೆ ನೀನೇ ಹೇಳಿಕೊಂಡೆ. ಅದು ನಾನು ಮೋಟರಿಗೆ ಬೇರಿಂಗ್ ಕೂರಿಸುವಾಗ ಹೇಳುವ ಮಾತು. ನೀನು ಏಳು ವರ್ಷದವಳಿದ್ದಾಗ ಅಂಗಡಿಯಲ್ಲಿ ಕೂತು ಕೇಳಿದ್ದು. ಸ್ವಿಚ್ ಹಾಕಿದಾಗ ಫ್ಯಾನ್ ತಿರುಗಿತು, ಸ್ಕ್ರೀನ್ ಮಾತ್ರ ಕಪ್ಪಗೇ ಇತ್ತು. ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ಕೇಬಲ್ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮದರ್‌ಬೋರ್ಡಿಗೆ ಚುಚ್ಚಿದ್ದೀಯ ಅಂತ ನೀನೇ ಹಿಡಿದೆ. ಹೆಸರಿನ ಕೊನೆಯಲ್ಲಿ ಎಫ್ ಇರುವ ಪ್ರೊಸೆಸರ್‌ನಲ್ಲಿ ಚಿತ್ರ ತೋರಿಸುವ ಭಾಗವೇ ಕೆಲಸ ಮಾಡುವುದಿಲ್ಲ ಎಂದು ತಮ್ಮನಿಗೆ ವಿವರಿಸಿದೆ. ನಾನು ಒಳಗೆ ಬಂದು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಮೂವತ್ತು ವರ್ಷ ಮಂಡ್ಯದ ಪಂಪ್‌ಸೆಟ್ಟುಗಳಿಗೆ ತಾಮ್ರ ಸುತ್ತಿದ ಕೈ ಇದು, ನನ್ನ ಮಗಳಿಗೆ ಕೈಗೆಲಸ ಬಂದಿದೆ ಅಂತ ಅವತ್ತೇ ಗೊತ್ತಾಗಿತ್ತು.

ಕೆಫೆಯ ಹತ್ತು ಮಷೀನಿನ ಪಟ್ಟಿಯನ್ನೂ ನೋಡಿದೆ. ತಮ್ಮನನ್ನು ಬೈಬೇಡ, ನಾನೇ ಕೇಳಿದ್ದು. ಹತ್ತೂ ಒಂದೇ ಥರ ಮಾಡಿದ್ದು ಬಹಳ ಹಿಡಿಸಿತು. ಅದೇ ಐ5 12400ಎಫ್ ಪ್ರೊಸೆಸರ್, ಅದೇ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, ಎಂಟೆಂಟು ಜಿಬಿಯ ಎರಡು ರ‍್ಯಾಮ್, ಒಂದು ಟಿಬಿ ಎಸ್‌ಎಸ್‌ಡಿ. ಒಂದು ಕೈಕೊಟ್ಟರೆ ಪಕ್ಕದ ಮಷೀನಿನ ಭಾಗ ತೆಗೆದು ಹಾಕಿ ನೋಡಬಹುದು. ದೋಷ ಎಲ್ಲಿದೆ ಅಂತ ಐದು ನಿಮಿಷದಲ್ಲಿ ಸಿಗುತ್ತದೆ. ಆದರೆ ಪಟ್ಟಿಯಲ್ಲಿ ಹೆಚ್ಚುವರಿ ಸಾಮಾನು ಇಲ್ಲ. ಮೌಸ್, ಹೆಡ್‌ಸೆಟ್, ಕೀಬೋರ್ಡ್ ಎರಡೆರಡಾದರೂ ಜಾಸ್ತಿ ತೆಗೆದುಕೋ. ಹುಡುಗರು ಸೋತ ಸಿಟ್ಟನ್ನು ತೀರಿಸುವುದು ಅವುಗಳ ಮೇಲೆಯೇ. ಮಷೀನಿಗೆ ಕರೆಂಟ್ ಕೊಡುವ ಡಬ್ಬ, ಎಸ್‌ಎಂಪಿಎಸ್, ಅದೂ ಒಂದು ಇರಲಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ "ಇದೂ 550 ವ್ಯಾಟೇ ಮೇಡಂ, ಎಂಟುನೂರು ಕಡಿಮೆ" ಎಂದು ಹೆಸರಿಲ್ಲದ ಡಬ್ಬ ತೋರಿಸಿದರೆ ಬೇಡ ಅನ್ನು. ಗ್ರಾಫಿಕ್ಸ್ ಕಾರ್ಡಿಗೆ 115 ವ್ಯಾಟ್ ಬೇಕು. ಪ್ರೊಸೆಸರ್ ಮೇಲೆ 65 ಅಂತ ಇದ್ದರೂ ಟರ್ಬೊಗೆ ಹೋದಾಗ 117ರ ತನಕ ಎಳೆಯುತ್ತದೆ. ಡಬ್ಬದ ಮೇಲೆ ಬರೆದದ್ದನ್ನು ನಿಜಕ್ಕೂ ಕೊಡುವ ಎಸ್‌ಎಂಪಿಎಸ್ ಬೇಕು.

ಒಂದನ್ನು ಪೂರ್ತಿ ಮುಗಿಸಿ, ಒಂದು ರಾತ್ರಿ ಓಡಿಸಿ ನೋಡಿ, ಆಮೇಲೆ ಉಳಿದ ಒಂಬತ್ತಕ್ಕೆ ಕಾಪಿ ಮಾಡು. ರ‍್ಯಾಮಿನ ವೇಗದ ಎಕ್ಸ್‌ಎಂಪಿ ಸೆಟ್ಟಿಂಗ್, ವ್ಯಾಲೊರಂಟ್ ಆಟಕ್ಕೆ ಬೇಕಾದ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ ಎಲ್ಲವೂ ಮದರ್‌ಬೋರ್ಡಿನೊಳಗಿನ ಬಯಾಸ್‌ನಲ್ಲಿ ಇರುವುದರಿಂದ ಡಿಸ್ಕಿನ ಕಾಪಿಯಲ್ಲಿ ಬರುವುದಿಲ್ಲ, ಒಂದೊಂದಕ್ಕೂ ಕೂತು ಹಾಕಬೇಕು. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಮಾನಿಟರ್ ಕೊಂಡು ವಿಂಡೋಸ್‌ನಲ್ಲಿ 60ರಲ್ಲೇ ಬಿಟ್ಟವರೂ ಇದ್ದಾರಂತೆ. ಇವೆಲ್ಲ ನಿನಗೆ ಗೊತ್ತಿರುವುದೇ. ರಾತ್ರಿ ನಿದ್ದೆ ಬರುವುದಿಲ್ಲ, ವಿಡಿಯೋ ನೋಡುತ್ತೇನೆ, ಅದಕ್ಕೆ ಹೇಳಿದೆ.

ಇನ್ನು ನನಗೆ ಗೊತ್ತಿರುವ ವಿಷಯ.

ಆಟ ನಡೆಯುವಾಗ ಮಾನಿಟರ್ ಸೇರಿ ಒಂದು ಮಷೀನಿಗೆ ಸುಮಾರು 300 ವ್ಯಾಟ್ ಇಟ್ಟುಕೋ. ಹತ್ತಕ್ಕೆ 3 ಕಿಲೋವ್ಯಾಟ್. ಅದಷ್ಟೂ ಕೊನೆಗೆ ಶಾಖವಾಗಿ ಆ ಕೋಣೆಯಲ್ಲೇ ಉಳಿಯುತ್ತದೆ. ಒಂದು ಟನ್ ಎಸಿ ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖ ಹೊರಹಾಕುವ ತಾಕತ್ತು. ಅಂದರೆ ಒಂದು ಟನ್ ಬರೀ ಮಷೀನುಗಳಿಗೇ ಹೋಯಿತು. ಹತ್ತು ಜನ ಹುಡುಗರ ಮೈಶಾಖ ಬೇರೆ. ಸರಸ್ವತಿಪುರಂನ ಆ ಕೋಣೆ ಮೊದಲ ಮಹಡಿಯಲ್ಲಿದೆ, ಪಶ್ಚಿಮಕ್ಕೆ ಗೋಡೆ, ಮೇಲೆ ತಾರಸಿ. ಒಂದೂವರೆ ಟನ್ನಿನದು ಎರಡು ಬೇಕೇ ಬೇಕು. ಅವೂ ಸೇರಿದರೆ ಒಟ್ಟು 7 ಕಿಲೋವ್ಯಾಟ್ ಹತ್ತಿರ ಬರುತ್ತದೆ. ಕರೆಂಟ್ ತರುವ ತಂತಿ, ಫೇಸ್, ಒಂದೇ ಆದರೆ 30 ಆಂಪಿಯರ್. ಹಾಗಾಗಿ ಮೂರು ಫೇಸ್ ತೆಗೆದುಕೊಂಡದ್ದು ಸರಿ. ಆದರೆ ಮೀಟರ್ ಮನೆಯ ಲೆಕ್ಕದ್ದೋ ವ್ಯಾಪಾರದ್ದೋ, ಮಂಜೂರಾದ ಲೋಡ್ ಎಷ್ಟು ಎನ್ನುವುದನ್ನು ಕಟ್ಟಡದ ಮಾಲೀಕರ ಬಾಯಿಮಾತಲ್ಲಿ ನಂಬಬೇಡ. ಸೆಸ್ಕ್ ಕರೆಂಟ್ ಬಿಲ್ ಕೈಗೆ ತೆಗೆದುಕೊಂಡು ಓದು. ಮೂರ್ನಾಲ್ಕು ಮಷೀನಿಗೆ ಕರೆಂಟ್ ಜಾಸ್ತಿಯಾದರೆ ಬೀಳುವ 16 ಆಂಪಿಯರ್ ಎಂಸಿಬಿ ಒಂದು, ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್. ಎಸಿಗಳಿಗೆ ಬೇರೆ ಬೇರೆ ಲೈನ್, ನಾಲ್ಕು ಸ್ಕ್ವೇರ್ ಎಂಎಂ. ಮುಖ್ಯ ಲೈನಿಗೆ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಯುಪಿಎಸ್ 5 ಕೆವಿಎ ಅಂದಿದ್ದೀಯ, ಸಾಕು, ಆದರೆ ಎಸಿಗಳನ್ನು ಅದರ ಮೇಲೆ ಹಾಕಬೇಡ. ಬ್ಯಾಟರಿಗಳನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ.

ಮತ್ತೆ ನ್ಯೂಟ್ರಲ್, ಕರೆಂಟ್ ವಾಪಸ್ ಹೋಗುವ ತಂತಿ.

ಪುಟ್ಟಿ, ನ್ಯೂಟ್ರಲ್ ವೈರ್ ಎಷ್ಟು ದಪ್ಪ ಹಾಕಿದ್ದಾರೆ? ಕೇಳಿದ್ದೀಯಾ? ಫೇಸಿನಷ್ಟೇ ದಪ್ಪ ಇರಬೇಕು, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಮೂರು ಫೇಸ್ ಮೋಟರ್ ಸಮವಾಗಿ ಎಳೆಯುತ್ತದೆ, ಅದಕ್ಕೆ ನ್ಯೂಟ್ರಲ್ಲೇ ಬೇಡ. ಕಂಪ್ಯೂಟರ್ ಹಾಗಲ್ಲ. ಅದರ ಎಸ್‌ಎಂಪಿಎಸ್ ಕರೆಂಟನ್ನು ತುಂಡುತುಂಡಾಗಿ ಎಳೆಯುತ್ತದೆ. ಮೂರೂ ಫೇಸಿನ ಆ ತುಂಡುಗಳು ಒಂದನ್ನೊಂದು ಕಳೆಯುವ ಬದಲು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತವೆ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಈ ಎಳೆತವನ್ನು ನಯ ಮಾಡುವ ಪಿಎಫ್‌ಸಿ ಇರುತ್ತದೆ, ಆಗ ಇದು ಕಡಿಮೆ. ಆದರೂ ಆ ವೈರ್ ಬಿಸಿಯಾದರೆ, ಸ್ಕ್ರೂ ಸಡಿಲವಾದರೆ, ಕಳಚಿದರೆ, ಏನಾಗುತ್ತದೆ ಗೊತ್ತಾ? ಎರಡು ಫೇಸಿನ ನಡುವೆ 400 ವೋಲ್ಟ್ ಇರುತ್ತದೆ. ಅದನ್ನು ಹದದಲ್ಲಿ ಹಿಡಿದಿಡುವುದೇ ನ್ಯೂಟ್ರಲ್. ಅದು ಹೋದರೆ ಎಸಿಯಂಥ ದೊಡ್ಡ ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕಂಪ್ಯೂಟರಿನಂಥ ಹಗುರ ಲೋಡ್ ಇರುವ ಕಡೆ 350 ದಾಟಿಬಿಡುತ್ತದೆ. ಎಂಸಿಬಿ ಬೀಳುವುದಿಲ್ಲ. ಕರೆಂಟ್ ಜಾಸ್ತಿಯಾದರೆ ಅದಕ್ಕೆ ಗೊತ್ತಾಗುತ್ತದೆ, ವೋಲ್ಟೇಜ್ ಜಾಸ್ತಿಯಾದರೆ ಗೊತ್ತಾಗುವುದಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನಿನ್ನ ಅಮ್ಮನಿಗೂ ಹೇಳಿಲ್ಲ.

2011ರಲ್ಲಿ ಇಲ್ಲೇ ಮಂಡ್ಯದಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ನಾನು ವೈರಿಂಗ್ ಮಾಡಿದ್ದೆ. ಆಗ ಮೋಟರ್ ರಿವೈಂಡಿಂಗ್ ಜೊತೆ ಮನೆ, ಅಂಗಡಿ ವೈರಿಂಗೂ ಮಾಡುತ್ತಿದ್ದೆ. ಹನ್ನೊಂದು ಕಂಪ್ಯೂಟರ್, ಒಂದು ಎಸಿ. ಮುಗಿಸಲು ಅವಸರ ಇತ್ತು, ಮರುದಿನ ಉದ್ಘಾಟನೆ. ನ್ಯೂಟ್ರಲ್ ಲಿಂಕಿನಲ್ಲಿ ವೈರ್ ಹಾಕಿ ಸ್ಕ್ರೂ ಬಿಗಿ ಮಾಡಿದೆ. ಕೈಗೆ ಬಿಗಿಯಾಗೇ ಸಿಕ್ಕಿತು. ಆದರೆ ವೈರಿನ ಸಿಪ್ಪೆ ಸಾಕಷ್ಟು ಸುಲಿದಿರಲಿಲ್ಲ. ಸ್ಕ್ರೂ ಕಚ್ಚಿದ್ದು ಪ್ಲಾಸ್ಟಿಕ್ಕನ್ನು, ತಾಮ್ರದ ಎಳೆಗಳು ಒಂದೆರಡು ಮಾತ್ರ ತಾಗಿದ್ದವು. ನಾಲ್ಕು ತಿಂಗಳು ನಡೆಯಿತು. ನಾಲ್ಕು ತಿಂಗಳು ಅದು ಒಳಗೊಳಗೇ ಬಿಸಿಯಾಗುತ್ತಿತ್ತು.

ಒಂದು ಮಧ್ಯಾಹ್ನ ಫೋನ್ ಬಂತು. ಓಡಿದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಒಂದರ ಹಿಂದೆ ಒಂದು ಸಿಡಿದವು ಅಂದರು. ಏಳು ಎಸ್‌ಎಂಪಿಎಸ್ ಹೋಗಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಹೊಗೆ, ಸುಟ್ಟ ವಾಸನೆ, ಅಷ್ಟೇ. ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ ಉಳಿದಿತ್ತು. ಯಾರದೋ ಹುಡುಗಿಯದು, ಸಣ್ಣ ಅಳತೆ, ನೀಲಿ ಪಟ್ಟಿ. ಹೊಗೆ ನೋಡಿ ಬರಿಗಾಲಲ್ಲೇ ಮೆಟ್ಟಿಲು ಇಳಿದು ಓಡಿದಳಂತೆ, ಮತ್ತೆ ಬರಲಿಲ್ಲವಂತೆ. ನಾನು ಆ ಚಪ್ಪಲಿ ದಾಟಿ ಒಳಗೆ ಹೋಗಿ ಬೋರ್ಡ್ ಬಿಚ್ಚಿದೆ. ಕಪ್ಪಾಗಿದ್ದ ಆ ಸ್ಕ್ರೂ ಕಂಡಿತು. ಹಿಂದೆ ನಿಂತಿದ್ದ ಮಾಲೀಕ ಕೇಳಿದ, "ಏನಾಯ್ತಣ್ಣ?"

"ಲೈನಲ್ಲೇ ಫಾಲ್ಟು" ಅಂದೆ.

ಅಷ್ಟು ಸಲೀಸಾಗಿ ಅಂದೆ. ಅವನು ನಂಬಿದ. ನನ್ನ ಮಾತು ನಂಬಿ ಕರೆಂಟ್ ಆಫೀಸಿಗೆ ಅಲೆದ. ಏಳು ಮಷೀನ್ ರಿಪೇರಿಗೆ ಸಾಲ ಮಾಡಿದ. ವರ್ಷದೊಳಗೆ ಮುಚ್ಚಿದ. ಸ್ಕ್ರೂ ಸರಿ ಮಾಡಿದೆ, ಕೂಲಿ ತೆಗೆದುಕೊಳ್ಳಲಿಲ್ಲ. ಅದಕ್ಕೂ ಅವನು ನನ್ನನ್ನು ಒಳ್ಳೆಯವನು ಅಂದ. ಆಮೇಲೆ ನಾನು ವೈರಿಂಗ್ ಕೆಲಸವೇ ಬಿಟ್ಟೆ. ಬೆನ್ನುನೋವು ಅಂತ ನಿಮಗೆಲ್ಲ ಹೇಳಿದೆ. ಅಂದಿನಿಂದ ಬರೀ ಮೋಟರ್. ಮೋಟರ್ ಸುಟ್ಟರೆ ಆಲೆಮನೆ ಒಂದು ದಿನ ನಿಲ್ಲುತ್ತದೆ, ಗದ್ದೆಗೆ ನೀರು ತಡವಾಗುತ್ತದೆ. ಯಾರ ಮಗಳೂ ಬರಿಗಾಲಲ್ಲಿ ಓಡುವುದಿಲ್ಲ.

ನಿನಗೆ ಆಗ ಹತ್ತು ವರ್ಷ. ನಿನ್ನ ಚಪ್ಪಲಿಯದೂ ಹೆಚ್ಚೂಕಡಿಮೆ ಅದೇ ಅಳತೆ. ಮನೆಗೆ ಬಂದಾಗ ಹೊಸ್ತಿಲ ಹತ್ತಿರ ಅದು ಬಿದ್ದಿತ್ತು. ನಾನು ಅಲ್ಲೇ ಕೂತೆ. ಅಮ್ಮ ಬಿಸಿಲು ಹೊಡೆಯಿತೇನೋ ಅಂದುಕೊಂಡಳು.

ಈಗ ಯುಗಾದಿ ದಿನದ ಮಾತಿಗೆ ಬರುತ್ತೇನೆ, ಎತ್ತುವುದಿಲ್ಲ ಅಂದಿದ್ದೆ, ಆದರೂ. "ಅಪ್ಪಾ, ವೈರಿಂಗ್ ನೀವೇ ಮಾಡಿಕೊಡಿ" ಅಂದೆ ನೀನು. ನನಗೆ ಆ ಸ್ಕ್ರೂ ಕಣ್ಣ ಮುಂದೆ ಬಂತು. ಅದನ್ನು ಹೇಳುವ ಧೈರ್ಯ ಆಗಲಿಲ್ಲ. ಅದಕ್ಕೇ ಹುಡುಗಿಯರು ನಡೆಸುವ ವ್ಯಾಪಾರವಾ ಇದು, ಪೋಲಿ ಹುಡುಗರ ಅಡ್ಡೆ ಆಗುತ್ತದೆ, ಎಂಟೂವರೆ ಲಕ್ಷ ನೀರಿಗೆ ಹಾಕುತ್ತೀಯ ಅಂತ ಬಾಯಿಗೆ ಬಂದದ್ದು ಅಂದೆ. ತಪ್ಪಾಯಿತು. ಅದರಲ್ಲಿ ಒಂದಿಷ್ಟು ನಿಜವಾದ ಭಯವೂ ಇತ್ತು, ಇಲ್ಲ ಅನ್ನುವುದಿಲ್ಲ. ರಾತ್ರಿ ಹತ್ತರ ಮೇಲೆ ಒಬ್ಬಳೇ ಶಟರ್ ಎಳೆಯಬೇಡ, ಇದನ್ನು ಮಾತ್ರ ನಾನು ಬಿಡುವುದಿಲ್ಲ. ಶಾಲೆಯ ಸಮಯದಲ್ಲಿ ಯೂನಿಫಾರ್ಮ್ ಹಾಕಿಕೊಂಡು ಬಂದ ಮಕ್ಕಳನ್ನು ಕೂರಿಸಬೇಡ, ಅರವತ್ತು ರೂಪಾಯಿ ಹೋದರೆ ಹೋಗಲಿ. ಗಂಟೆಗೆ 60, ಹತ್ತು ಮಷೀನ್, ದಿನಕ್ಕೆ ಐದು ಗಂಟೆ ತುಂಬಿದರೆ 3000 ಅಂತ ನೀನು ಹಾಕಿದ ಲೆಕ್ಕ ಸರಿಯಾಗೇ ಇದೆ. ಪರೀಕ್ಷೆ ತಿಂಗಳಲ್ಲಿ ಎರಡು ಗಂಟೆಯೂ ತುಂಬುವುದಿಲ್ಲ, ಅದಕ್ಕೆ ಎರಡು ತಿಂಗಳ ಬಾಡಿಗೆ ಪಕ್ಕಕ್ಕೆ ಇಟ್ಟುಕೋ. ನೋಡು, ಮತ್ತೆ ಪಾಠಕ್ಕೆ ಇಳಿದೆ.

2024ರ ಮೇ ತಿಂಗಳಲ್ಲಿ ರಾಜ್‌ಕೋಟ್‌ನ ಗೇಮ್ ಝೋನಿಗೆ ಬೆಂಕಿ ಬಿತ್ತಲ್ಲ, ಮಕ್ಕಳೂ ಸೇರಿ 25ಕ್ಕಿಂತ ಜಾಸ್ತಿ ಜನ ಹೋದರು. ಅದು ಬೇರೆ ಥರದ ಜಾಗ, ಗೊತ್ತು. ಆದರೂ ಅವತ್ತು ಟಿವಿ ಮುಂದಿನಿಂದ ನಾನು ಎದ್ದು ಹೋದದ್ದು ನಿನಗೆ ನೆನಪಿರಬಹುದು. ಗೋಡೆಗೆ ಫೋಮ್ ಅಂಟಿಸುತ್ತೇನೆ ಅಂದಿದ್ದೆಯಲ್ಲ, ಸದ್ದು ಕಡಿಮೆಯಾಗಲಿ ಅಂತ, ಅದು ಬೇಡ ಪುಟ್ಟಿ, ಅದಕ್ಕೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ. ಹಿಂದಿನ ಬಾಗಿಲಿಗೆ ಅಡ್ಡ ಫ್ರಿಜ್ ಇಡಬೇಡ. ಕರೆಂಟಿನ ಬೆಂಕಿಗೆ ಬಳಸುವ ಸಿಒ2 ಸಿಲಿಂಡರ್ ಬಾಗಿಲ ಪಕ್ಕ ತೂಗುಹಾಕು. ಚಪ್ಪಲಿ ಬಿಡಲು ಮೆಟ್ಟಿಲ ಪಕ್ಕ ಒಂದು ಸ್ಟ್ಯಾಂಡ್ ಮಾಡಿಸು, ಬಾಗಿಲಲ್ಲಿ ರಾಶಿ ಬೀಳಬಾರದು.

ವೈರಿಂಗ್ ಮಾಡಿದ ಹುಡುಗ ಒಳ್ಳೆಯ ಕೆಲಸಗಾರನೇ ಇರಬಹುದು. ಅವನ ಮೇಲೆ ಅನುಮಾನ ಇಲ್ಲ. ನನ್ನ ಕೈಗೂ ಅವತ್ತು ಬಿಗಿಯಾಗೇ ಸಿಕ್ಕಿತ್ತು. ಅದಕ್ಕೇ ಕೇಳುತ್ತೇನೆ, ಮಷೀನ್‌ಗಳನ್ನು ಪ್ಲಗ್‌ಗೆ ಹಾಕುವ ಮೊದಲು ಬೋರ್ಡ್ ಒಮ್ಮೆ ಬಿಚ್ಚಿ ನೋಡಲು ಬಿಡು. ವೋಲ್ಟೇಜ್ ಏರಿದರೂ ಇಳಿದರೂ ಲೈನ್ ಕಡಿಯುವ ರಿಲೇ ಒಂದು, ಅದಕ್ಕೆ ದೊಡ್ಡ ಸ್ವಿಚ್ಚಿನಂಥ ಕಾಂಟ್ಯಾಕ್ಟರ್ ಒಂದು ತಂದಿಟ್ಟಿದ್ದೇನೆ. ಯುಪಿಎಸ್‌ಗಿಂತ ಮೊದಲು ಅದು ಕೂರಬೇಕು. ಎಲ್ಲ ಮಷೀನ್ ಓಡುವಾಗ ನ್ಯೂಟ್ರಲ್‌ಗೆ ಕ್ಲ್ಯಾಂಪ್ ಮೀಟರ್ ಹಾಕಿ ಎಷ್ಟು ಆಂಪಿಯರ್ ಹೋಗುತ್ತಿದೆ ನೋಡಬೇಕು. ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ದಾಟಿದರೆ ಆ ದಿನ ಶುರು ಮಾಡುವುದು ಬೇಡ.

ಬುಧವಾರ ಬೆಳಗಿನ ರೈಲಿಗೆ ಬರುತ್ತೇನೆ. ನನ್ನ ಜೊತೆ ಮಾತಾಡಲು ಇಷ್ಟವಿಲ್ಲದಿದ್ದರೆ ಕೀಲಿಯನ್ನು ಕೆಳಗಿನ ಟೀ ಅಂಗಡಿಯಲ್ಲಿ ಕೊಟ್ಟಿರು. ಎರಡು ಗಂಟೆಯ ಕೆಲಸ, ಮುಗಿಸಿ ವಾಪಸ್ ಹೊರಡುತ್ತೇನೆ. ನೀನು ಇದ್ದರೆ ಟಾರ್ಚ್ ಹಿಡಿದುಕೋ. ಕನ್ನಡಕ ಹಾಕಿದರೂ ಈಗ ಸಣ್ಣ ಸ್ಕ್ರೂ ಸರಿಯಾಗಿ ಕಾಣುವುದಿಲ್ಲ. ನಾನು ಬಿಗಿ ಮಾಡಿದ ಮೇಲೆ ನೀನೂ ಒಂದೊಂದು ವೈರನ್ನು ಎಳೆದು ನೋಡು.

ಅಮ್ಮ ಒಬ್ಬಟ್ಟು ಮಾಡಿ ಕಳಿಸುತ್ತಾಳಂತೆ. ಮೀಟರಿಗೆ ಹೊಸ ಬ್ಯಾಟರಿ ಹಾಕಿದ್ದೇನೆ.

ಅಪ್ಪ