ಎಡಚರಿಗೆ ಗ್ಲೌಸ್ ಇಲ್ಲದ ಆಯ್ಕೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ತುಮಕೂರಿನ ಮೈದಾನವೊಂದರಲ್ಲಿ ಹೈಸ್ಕೂಲ್ ಬಾಲಕರ ಬೇಸ್‌ಬಾಲ್ ಆಯ್ಕೆ ನಡೆಯಿತು. ಮಧುಗಿರಿ ತಾಲ್ಲೂಕಿನ ನಮ್ಮೂರಿನ 13 ವರ್ಷದ ಹುಡುಗನೊಬ್ಬನನ್ನು ಕರೆದುಕೊಂಡು ಕೊರಟಗೆರೆ ಮಾರ್ಗದ ಮೊದಲ ಬಸ್ಸಿಗೇ ಹೋಗಿದ್ದೆ. ಹನ್ನೊಂದು ಗಂಟೆಯೊಳಗೆ ಅವನನ್ನು ಹೊರಗೆ ಕಳುಹಿಸಿದರು. ಹೆಸರಿನ ಮುಂದೆ ಬರೆದದ್ದು ಎರಡೇ ಮಾತು: ‘ಫೀಲ್ಡಿಂಗ್ ನಿಧಾನ, ಎತ್ತರ ಸಾಲದು’. ನಾನು 28 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು. ಮಕ್ಕಳು ಆಯ್ಕೆಯಾಗದೆ ಮರಳುವುದನ್ನು ಬೇಕಾದಷ್ಟು ಕಂಡಿದ್ದೇನೆ, ಸಮಾಧಾನ ಹೇಳಿ ಬಸ್ಸು ಹತ್ತಿಸಿದ್ದೇನೆ. ಈ ಸಲ ನನಗೇ ಸಮಾಧಾನವಾಗುತ್ತಿಲ್ಲ.

ಆ ಹುಡುಗ ಎಡಚ. ಬೇಸ್‌ಬಾಲ್‌ನಲ್ಲಿ ಗ್ಲೌಸ್ ಹಾಕುವುದು ಎಸೆಯದ ಕೈಗೆ. ಬಲಗೈಯಲ್ಲಿ ಎಸೆಯುವವನು ಅದನ್ನು ಎಡಗೈಗೆ ತೊಡುತ್ತಾನೆ. ಎಡಗೈಯಲ್ಲಿ ಎಸೆಯುವವನಿಗೆ ಬಲಗೈಯ ಗ್ಲೌಸೇ ಬೇಕು. ಅಂದು ಚೀಲದಿಂದ ಸುರಿದ ಗ್ಲೌಸ್‌ಗಳೆಲ್ಲ ಎಡಗೈಯವು. ಇರುವುದನ್ನೇ ಹಾಕಿಕೊಂಡು ನಿಲ್ಲು ಎಂದರು. ನಿಂತ. ನೆಲದ ಮೇಲೆ ಉರುಳಿ ಬಂದ ಚೆಂಡುಗಳಲ್ಲಿ ಒಂದನ್ನೂ ಬಿಡಲಿಲ್ಲ. ಆದರೆ ಹಿಡಿದ ಕೈಯೇ ಎಸೆಯುವ ಕೈ. ಪ್ರತಿ ಸಲವೂ ಗ್ಲೌಸನ್ನು ಬಲ ಕಂಕುಳಿಗೆ ಸಿಕ್ಕಿಸಿ, ಕೈ ಎಳೆದುಕೊಂಡು, ಅದರೊಳಗಿನ ಚೆಂಡು ತೆಗೆದು ಎಸೆಯಬೇಕು. ಮೊದಲೆರಡು ಚೆಂಡುಗಳಿಗೆ ತಡವರಿಸಿದ. ಮೂರನೆಯದಕ್ಕೆ, ಯಾರೂ ಹೇಳಿಕೊಡದೆ, ಈ ಉಪಾಯವನ್ನು ತಾನೇ ಕಂಡುಕೊಂಡಿದ್ದ. ಆಯ್ಕೆದಾರರು ನೋಡುತ್ತಿದ್ದದ್ದು ಗಡಿಯಾರವನ್ನು.

ಅಮೆರಿಕದಲ್ಲಿ ಜಿಮ್ ಅಬಟ್ ಎಂಬ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ಇದ್ದರು. ಅವರಿಗೆ ಹುಟ್ಟಿನಿಂದಲೇ ಬಲ ಹಸ್ತವಿರಲಿಲ್ಲ. ಎಡಗೈಯಲ್ಲಿ ಎಸೆದ ಮರುಕ್ಷಣ ಅದೇ ಕೈಯನ್ನು ಗ್ಲೌಸಿನೊಳಕ್ಕೆ ತೂರಿಸುವುದು, ಮರಳಿ ಬಂದ ಚೆಂಡನ್ನು ಹಿಡಿಯುವುದು, ಗ್ಲೌಸನ್ನು ಬಲತೋಳಿನಲ್ಲಿ ಅವುಚಿ ಚೆಂಡು ತೆಗೆದು ಮತ್ತೆ ಎಸೆಯುವುದು ಅವರ ಕ್ರಮ. 1993ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ಯಾಂಕೀಸ್ ಪರ ಆಡಿದ ಅವರು ಇಡೀ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಒಂದೇ ಒಂದು ‘ಹಿಟ್’ (ಚೆಂಡನ್ನು ಹೊಡೆದು ಔಟಾಗದೆ ಬೇಸ್ ತಲುಪುವುದು) ಕೂಡ ಬಿಟ್ಟುಕೊಡಲಿಲ್ಲ. ಅವರು ವರ್ಷಗಟ್ಟಲೆ ಪಳಗಿಸಿಕೊಂಡ ವಿದ್ಯೆಯ ಮೊದಲ ಮೆಟ್ಟಿಲನ್ನು ನಮ್ಮ ಹುಡುಗ ಮೂರು ಚೆಂಡುಗಳಲ್ಲಿ ಹತ್ತಿದ್ದ. ಅದಕ್ಕೆ ನಮ್ಮ ಹಾಳೆಯಲ್ಲಿ ಸಿಕ್ಕ ಹೆಸರು ‘ನಿಧಾನ’.

ಬೇಸ್‌ಬಾಲ್ ಎಡಚರನ್ನು ಹುಡುಕಿಕೊಂಡು ಹೋಗುವ ಆಟ. ಎಡಗೈ ಬ್ಯಾಟರ್ ನಿಲ್ಲುವ ಬದಿ, ಚೆಂಡು ಹೊಡೆದ ಮೇಲೆ ಅವನು ಓಡಿ ಮುಟ್ಟಬೇಕಾದ ಮೊದಲ ಬೇಸ್‌ಗೆ ಹತ್ತಿರ. 90 ಅಡಿಯ ಓಟದಲ್ಲಿ ಅವನಿಗೆ ಒಂದೆರಡು ಹೆಜ್ಜೆ ಉಳಿಯುತ್ತದೆ. ಎಡಗೈ ಪಿಚರ್ ಎಸೆಯಲು ನಿಂತಾಗ ಮುಖ ಮೊದಲ ಬೇಸಿನ ಕಡೆಗೇ ಇರುವುದರಿಂದ ಅಲ್ಲಿನ ಓಟಗಾರ ಸುಲಭವಾಗಿ ಮುಂದೆ ಸರಿಯಲಾರ. ಎಡಗೈಯಲ್ಲಿ ಉಣ್ಣಬೇಡ, ಬರೆಯಬೇಡ ಎಂದು ಮನೆಯಲ್ಲಿ ಎಷ್ಟೋ ಸಲ ಗದರಿಸಿಕೊಂಡ ಮಗು ಇದು. ಮೈದಾನದಲ್ಲಿ ನಿನ್ನ ಆ ಕೈಗೇ ಬೆಲೆ ಎಂದು ಹೇಳಿ ನಾನು ಕರೆದೊಯ್ದಿದ್ದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಅವನು ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಕುಳಿತಿದ್ದ.

ಎಸೆತದ ಸರದಿಯಲ್ಲಿ ಒಬ್ಬರು ‘ಕೈ ಮಡಚಿ ಎಸೆಯುತ್ತಾನೆ’ ಎಂದು ತಲೆಯಾಡಿಸಿದರು. ಅದು ಕ್ರಿಕೆಟ್‌ನ ಕಣ್ಣು. ಅಲ್ಲಿ ಬೌಲರ್‌ನ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ತಪ್ಪು. ಇಲ್ಲಿ ಮೊಣಕೈ ಮಡಚದೆ ಎಸೆತವೇ ಇಲ್ಲ. ನೋಡಬೇಕಾದದ್ದು ಬೇರೆ: ಮುಂಗಾಲು ಎಲ್ಲಿ ಊರುತ್ತದೆ, ಸೊಂಟ ತಿರುಗಿದ ಮೇಲೆ ಭುಜ ಬರುತ್ತದೆಯೋ ಅಥವಾ ಎರಡೂ ಒಟ್ಟಿಗೇ ಬರುತ್ತವೆಯೋ, ಮೊಣಕೈ ಭುಜದ ಮಟ್ಟಕ್ಕೆ ಏರುತ್ತದೆಯೋ ಇಲ್ಲವೋ. ಅಪ್ಪನ ಕಡಲೆಕಾಯಿ ಹೊಲದಲ್ಲಿ ಕೋತಿಗಳಿಗೆ ಕಲ್ಲೆಸೆದು ಬೆಳೆದವನ ಮೈಗೆ ಇದು ತಾನಾಗಿ ಬಂದಿದೆ. 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ಸಂಸ್ಥೆ ಒಪ್ಪಂದ ಮಾಡಿಕೊಂಡ ಉತ್ತರ ಪ್ರದೇಶದ ದಿನೇಶ್ ಪಟೇಲ್ ಮತ್ತು ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ, ಇವರು ಬೇರೆ) ಜಾವೆಲಿನ್ ಎಸೆಯುತ್ತಿದ್ದವರು. ಅದಕ್ಕೂ ಮೊದಲು ಬೇಸ್‌ಬಾಲ್ ಆಡಿದವರೇ ಅಲ್ಲ.

ಅಮೆರಿಕದ ಸ್ಕೌಟ್‌ಗಳು (ತಂಡಗಳಿಗೆ ಹೊಸ ಪ್ರತಿಭೆ ಹುಡುಕುವವರು) ಐದು ಸಾಮರ್ಥ್ಯಗಳನ್ನು ತೂಗುತ್ತಾರೆ: ಚೆಂಡಿಗೆ ಬ್ಯಾಟ್ ತಾಗಿಸುವ ನೈಪುಣ್ಯ, ಹೊಡೆತದ ಬಲ, ಓಟ, ಫೀಲ್ಡಿಂಗ್, ತೋಳಿನ ಶಕ್ತಿ. 20ರಿಂದ 80ರವರೆಗೆ ಅಂಕ. 50 ಎಂದರೆ ದೊಡ್ಡ ಲೀಗಿನ ಸರಾಸರಿ. ಮುಖ್ಯವಾದದ್ದು, ಪ್ರತಿಯೊಂದಕ್ಕೂ ಎರಡು ಅಂಕ ಬರೆಯುತ್ತಾರೆ. ಇಂದು ಹೇಗಿದ್ದಾನೆ ಎಂಬುದಕ್ಕೆ ಒಂದು, ಬೆಳೆದ ಮೇಲೆ ಏನಾಗಬಲ್ಲ ಎಂಬುದಕ್ಕೆ ಇನ್ನೊಂದು. ನಾನು ಕೇಳುತ್ತಿರುವುದು ಆ ಎರಡನೆಯ ಕಾಲಂ. ಅಂದು ಆಯ್ಕೆಯಾದವರಲ್ಲಿ ಹೆಚ್ಚಿನವರು ಆಗಲೇ ಮೀಸೆ ಚಿಗುರಿದ, ಬೇಗ ಬೆಳೆದ ಹುಡುಗರು. ಅವರ ಮೇಲೆ ನನಗೆ ದೂರಿಲ್ಲ, ಚೆನ್ನಾಗಿ ಆಡಲಿ. ನಮ್ಮವನು ಇನ್ನೂ ಬೆಳೆಯಬೇಕಾದವನು. ಈಗಲೇ ಅಪ್ಪನ ಚಪ್ಪಲಿ ಅವನ ಪಾದಕ್ಕೆ ಸರಿಹೊಂದುತ್ತದೆ, ಮಣಿಕಟ್ಟು ದಪ್ಪ, ತಾಯಿಯ ತಮ್ಮಂದಿರಿಬ್ಬರೂ ಆರಡಿ. ಇದನ್ನೆಲ್ಲ ಒಬ್ಬರಾದರೂ ಕೇಳಲಿಲ್ಲ. ಎತ್ತರ ಬರದೇ ಹೋದರೂ ಏನಂತೆ? ವೆನೆಜುವೆಲಾದ ಜೋಸ್ ಅಲ್ಟುವೆ ಅವರನ್ನು ಅಮೆರಿಕದ ಹೂಸ್ಟನ್ ಆಸ್ಟ್ರೋಸ್ ತಂಡದವರು ಕುಳ್ಳ ಎಂದು ಆಯ್ಕೆ ಶಿಬಿರದಿಂದ ಕಳುಹಿಸಿದ್ದರು. ಅವರು ಮರುದಿನ ಮತ್ತೆ ಬಂದರು. 5 ಅಡಿ 6 ಇಂಚಿನ ಅದೇ ಅಲ್ಟುವೆ 2017ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರರಾದರು. ನಮ್ಮ ಆಯ್ಕೆಗೆ ಮರುದಿನ ಎಂಬುದೇ ಇಲ್ಲ.

ಓಟಕ್ಕೆ 100 ಮೀಟರ್ ಓಡಿಸಿದರು. ಈ ಆಟದಲ್ಲಿ ಅಷ್ಟು ದೂರ ನೇರವಾಗಿ ಯಾರೂ ಓಡುವುದಿಲ್ಲ. ಮೊದಲ ಹತ್ತು ಹೆಜ್ಜೆ ನೋಡಿದರೆ ಸಾಕಿತ್ತು.

ಇನ್ನೊಂದು ಮಾತು ಆಯ್ಕೆಯಾದವರ ಬಗ್ಗೆಯೇ. ಬೆಳಿಗ್ಗೆ ಮೈ ಬಿಸಿ ಮಾಡಿಸದೆ, ಎಣಿಕೆಯಿಲ್ಲದೆ, ಶಕ್ತಿಯೆಲ್ಲ ಹಾಕಿ ಎಸೆಯಿರಿ ಎಂದು ಮಕ್ಕಳನ್ನು ಹುರಿದುಂಬಿಸಿದರು. ಆ ವಯಸ್ಸಿನಲ್ಲಿ ಮೊಣಕೈಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಅಮೆರಿಕದ ಮಾರ್ಗಸೂಚಿಯಲ್ಲಿ 13-14 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 95 ಎಸೆತ, ಆ ಬಳಿಕ ಕಡ್ಡಾಯ ವಿಶ್ರಾಂತಿ. ಆಯ್ಕೆಯಾದ ಪಿಚರ್‌ಗಳಲ್ಲಿ ಒಬ್ಬ ಮಧ್ಯಾಹ್ನ ಮರದ ನೆರಳಿನಲ್ಲಿ ಮೊಣಕೈ ಒತ್ತಿಕೊಳ್ಳುತ್ತಾ ಕುಳಿತಿದ್ದ. ಅವನ ಮುಖ ನೆನಪಿನಿಂದ ಹೋಗುತ್ತಿಲ್ಲ.

ಆಯ್ಕೆ ನಡೆಸುವವರು ಕನಿಷ್ಠ ಎರಡು ದಿನ ಮಕ್ಕಳನ್ನು ನೋಡಲಿ, ಹಾಳೆಯಲ್ಲಿ ಎರಡನೆಯ ಕಾಲಂ ಎಳೆಯಲಿ, ಎಸೆತಗಳನ್ನು ಎಣಿಸಲಿ. ಗ್ಲೌಸ್ ವಿಷಯದಲ್ಲಿ ನನ್ನ ತಪ್ಪೂ ಇದೆ. ಎಡಚ ಎಂದು ಗೊತ್ತಿದ್ದೂ ಒಂದನ್ನು ಹೊಂದಿಸಿಕೊಂಡು ಹೋಗಲಿಲ್ಲ. ಬಲಗೈಗೆ ಹಾಕುವ ಎರಡು ಗ್ಲೌಸ್‌ಗಳಿಗೆ ಪಿಂಚಣಿ ಹಣದಿಂದ ಮುಂಗಡ ಕಳುಹಿಸಿದ್ದೇನೆ. ಒಂದು ಆ ಹುಡುಗನಿಗೆ. ಇನ್ನೊಂದು ಮಧುಗಿರಿಯಲ್ಲಿ ನನ್ನ ಬಳಿ ಇರುತ್ತದೆ. ಜಿಲ್ಲೆಯಲ್ಲಿ ಎಲ್ಲೇ ಆಯ್ಕೆ ನಡೆದರೂ, ಹಿಂದಿನ ದಿನ ತಿಳಿಸಿದರೆ, ಮೊದಲ ಬಸ್ಸಿಗೆ ತಂದುಕೊಡುತ್ತೇನೆ.

ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಮಧುಗಿರಿ, ತುಮಕೂರು ಜಿಲ್ಲೆ